ಬೀರುವಿನೊಳಗಿನ ಗುಡುಗು

ಎಲ್ಲ ರಗಳೆಗೂ ಮೂಲ ಅಮ್ಮನ ಆ ಹಳೇ ಮರದ ಬೀರು. ರ‍್ಯಾಪರ್ ‘ಗುಡುಗು’ ತನ್ನ ಮೊದಲ ಹಾಡು ‘ನಂಗ್ಯಾರ ಭಯ’ ರೆಕಾರ್ಡ್ ಮಾಡಿದ್ದು ಅದರೊಳಗೆ, ಕಂಬಳಿಗಳ ನಡುವೆ ಕೂತು. ಬೀದಿ ಗಲಾಟೆ ಕೇಳಿಸಬಾರದು ಅಂತ, ಅಷ್ಟೇ. ಹಾಡು ಮನೆಮಾತಾಯಿತು. ಆಮೇಲೆ ಹಾಡಿನ ಕಂಪನಿಯೊಂದರ ತಣ್ಣನೆ ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಕೂತರೂ ಮೊದಲ ಆಲ್ಬಂಗೆ ಒಂದು ಸಾಲೂ ಹುಟ್ಟಲಿಲ್ಲ. ಬೆಳೆದದ್ದು ಹೊಟ್ಟೆ ಮಾತ್ರ.

ಬೆಳಿಗ್ಗೆಯೇ ಕಂಪನಿ ಮಾಲೀಕನ ಫೋನ್. “ಸಾಯಂಕಾಲ ಬರ್ತೀನಿ. ಒಂದು ಹಾಡಾದ್ರೂ ಕೇಳಿಸು. ಇಲ್ಲಾಂದ್ರೆ ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ.”

ಗುಡುಗು ಹಾಸಿಗೆಯಿಂದ ಜಿಗಿದೆದ್ದ. ಒಂದೇ ಹಾಡಿನ ಹುಲಿ ಅಂತ ಊರೆಲ್ಲ ಆಡಿಕೊಳ್ಳೋದು ಖಂಡಿತ! ಬೀರುವೇ ಗತಿ ಎಂದು ಅಮ್ಮನ ಮನೆಗೆ ಓಡಿದ. ಮೈಕು ಒಳಗೆ, ರೆಕಾರ್ಡ್ ಮಾಡುವ ಕಂಪ್ಯೂಟರ್ ಹೊರಗೆ. ಗುಂಯ್‌ಗುಡುತ್ತದೆಂದು ಫೋನೂ ಹೊರಗೆ. ಇವನೊಬ್ಬ ಒಳಗೆ ಹಿಡಿಸುವುದೇ ಕಷ್ಟವಾಯಿತು.

“ಹೊರಗಿಂದ ಚಿಲಕ ಹಾಕಮ್ಮ. ನಾನು ಏನೇ ಕೂಗಿದ್ರೂ ತೆಗೀಬೇಡ. ಹೋದ್ಸಲ ಮಧ್ಯದಲ್ಲಿ ತೆಗೆದು ಮತ್ತೆ ಮೊದಲಿಂದ ಹಾಡೋ ಹಾಗೆ ಮಾಡಿದ್ದೆ.”

“ಆಯ್ತಪ್ಪಾ, ಪ್ರಾಣ ಹೋದ್ರೂ ತೆಗಿಯಲ್ಲ,” ಎಂದಳು ಅಮ್ಮ.

ಕತ್ತಲಲ್ಲಿ ತಲೆ ಕೆರೆದುಕೊಂಡ. ಕೂದಲು ಬಂತು, ಸಾಲು ಬರಲಿಲ್ಲ. ಅಷ್ಟರಲ್ಲಿ ಪ್ಯಾಂಟಿನೊಳಗೆ ಏನೋ ಸರಸರ ಹರಿಯಿತು. ಸಾವಿರಾರು ಜನರೆದುರು ‘ನಂಗ್ಯಾರ ಭಯ’ ಎಂದು ಎದೆ ತಟ್ಟಿಕೊಂಡ ಈ ಶೂರನಿಗೆ ಜಿರಳೆ ಅಂದರೆ ಜೀವವೇ ಬಾಯಿಗೆ ಬರುತ್ತಿತ್ತು. ಅದು ಅಮ್ಮನಿಗೂ ಹೇಳದ ಗುಟ್ಟು.

“ಅಮ್ಮಾ! ತೆಗಿ! ತೆಗಿ ತೆಗಿ ತೆಗಿ! ಜಿರಳೆ! ಮೇಲೆ ಬರ್ತಿದೆ! ಮೇಲ್ಮೇಲೆ ಬರ್ತಿದೆ!” ಧಡಧಡ ಬಾಗಿಲು ಬಡಿದ.

ಹೊರಗೆ ಅಮ್ಮನ ಮುಖ ಅರಳಿತು. “ಶುರುವಾಯ್ತು, ಬನ್ನಿ!” ಎಂದು ಮೇಲ್ಮನೆಯ ಟೈಲರಣ್ಣನನ್ನು ಕೂಗಿದಳು. ಅವನು ಕತ್ತರಿ ಹಿಡಿದೇ ಇಳಿದು ಬಂದ. “ಏನ್ ತಾಳ ಅಕ್ಕಾ!” ಎಂದು ತಾನೂ ಮೇಜು ಕುಟ್ಟತೊಡಗಿದ.

“ಟೈಲರಣ್ಣಾ, ಇದು ಹಾಡಲ್ಲ! ನಿಮ್ಮ ಕಾಲಿಗೆ ಬೀಳ್ತೀನಿ, ತೆಗೀರಿ!”

“ನನ್ನ ಹೆಸರೂ ಸೇರಿಸ್ಬಿಟ್ಟ!” ಟೈಲರಣ್ಣ ಕಣ್ಣೊರೆಸಿಕೊಂಡ.

ಸಾಯಂಕಾಲ ಒಳಗಿನ ಸದ್ದು ನಿಂತ ಮೇಲೆಯೇ ಅಮ್ಮ ಚಿಲಕ ತೆಗೆದದ್ದು. ಗುಡುಗು ಒದ್ದೆ ಬಟ್ಟೆಯ ಗಂಟಿನಂತೆ, ಅಷ್ಟರಲ್ಲಿ ಬಂದಿದ್ದ ಮಾಲೀಕನ ಕಾಲಬುಡಕ್ಕೆ ಉರುಳಿದ.

“ಕ್ಷಮಿಸಿ ಸಾರ್. ಹಾಡು ಆಗ್ಲಿಲ್ಲ. ಬರೀ ಜಿರಳೆ...”

ಕಿವಿಗೆ ಕಂಪ್ಯೂಟರಿನ ಹೆಡ್‌ಫೋನ್ ಸಿಕ್ಕಿಸಿಕೊಂಡಿದ್ದ ಮಾಲೀಕ ಕುಣಿದೇಬಿಟ್ಟ. “ಇಷ್ಟು ದಿನ ಎಲ್ಲಿತ್ತಯ್ಯಾ ಈ ಗಂಟಲು? ಏನ್ ನಡುಕ, ಏನ್ ಆರ್ತನಾದ! ಆಲ್ಬಂ ಖಾತ್ರಿ!”

ಗುಡುಗಿಗೆ ಹೋದ ಜೀವ ಬಂದಂತಾಯಿತು. ಮನಸ್ಸಿನಲ್ಲೇ ಜಿರಳೆಗೂ ಒಂದು ನಮಸ್ಕಾರ ಹಾಕಿದ.

“ಆದ್ರೆ ಆಲ್ಬಂಗೆ ಇನ್ನೂ ಏಳು ಹಾಡು ಬೇಕಲ್ಲ,” ಎಂದು ಮಾಲೀಕ ಗಲ್ಲ ತುರಿಸಿಕೊಂಡ.

“ಅದಕ್ಯಾಕ್ ಯೋಚ್ನೆ ಸಾರ್?” ಎನ್ನುತ್ತ ಟೈಲರಣ್ಣ ಮಹಡಿ ಹತ್ತಿದ. ಸ್ವಲ್ಪ ಹೊತ್ತಿಗೆ ಅಂಗಿ ಗುಂಡಿ ಹಾಕಿಡುವ ಡಬ್ಬಿ ಹಿಡಿದು ಬಂದ. ಒಳಗೆ ಏನೋ ಪರಪರ ಅನ್ನುತ್ತಿತ್ತು. “ನಮ್ಮನೇಲಿ ಬೇಕಾದಷ್ಟಿವೆ.”

ಗುಡುಗು ಎದ್ದು ಓಡುವ ಮುಂಚೆ ಅಮ್ಮ ಅವನ ರಟ್ಟೆ ಹಿಡಿದಾಗಿತ್ತು.

“ಹೋಗು ಬಂಗಾರ,” ಎಂದು ಬೀರುವಿನೊಳಗೆ ನೂಕಿ ತಲೆ ಸವರಿದಳು. “ಧೈರ್ಯವಾಗಿ ಹಾಡು. ನೀನು ಏನೇ ಕೂಗಿದ್ರೂ ನಾನು ತೆಗಿಯಲ್ಲ.”