ಸಜ್ಜಾ ಅಂಚಿನ ಮೊಟ್ಟೆಸಾಲು

ಮನೆ ಕಟ್ಟಿಸುವವನಿಗೆ ಓದು ಇರಬಾರದು. ಇದ್ದರೂ ಗೌಂಡಿಯ ಮುಂದೆ ಬಾಯಿ ಬಿಡಬಾರದು. ಹಾವೇರಿಯಲ್ಲಿ ಇಪ್ಪತ್ತೆಂಟು ವರ್ಷ ಇತಿಹಾಸ ಕಲಿಸಿದ ನಾನು, ನನ್ನ ಮನೆಯ ಬಾಗಿಲ ಮೇಲೆ ಮಳೆಗೆಂದು ಚಾಚಿದ ಸಜ್ಜಾ ಅಂಚಿಗಾದರೂ ಗ್ರೀಕರ ಚಿತ್ತಾರ ಇರಲಿ ಎಂದು ಹಟ ಹಿಡಿದೆ. ಒಂದು ಮೊಟ್ಟೆ, ಒಂದು ಬಾಣದ ಮೊನೆ, ಮತ್ತೆ ಮೊಟ್ಟೆ, ಮತ್ತೆ ಬಾಣ. ಅವರ ಗುಡಿಗಳ ಅಂಚಿನಲ್ಲೆಲ್ಲ ಇರುವ ಸಾಲು ಅದು. ಹಾದುಹೋಗುವ ಒಬ್ಬರಾದರೂ ನಿಂತು ‘ಇದೇನು?’ ಎಂದು ಕೇಳಬೇಕು, ನಾನು ಹೇಳಬೇಕು. ನನಗೆ ಉಳಿದಿದ್ದ ಆಸೆ ಅದೊಂದೇ.

ಗೌಂಡಿ ಫಕ್ಕೀರಪ್ಪ ನಾನು ತೋರಿಸಿದ ಚಿತ್ರವನ್ನು ತಿರುಗಾ ಮುರುಗಾ ನೋಡಿ, “ಏನ್ರಿ ಮಾಸ್ತರ್ರ ಇವು?” ಅಂದ. “ತತ್ತಿ” ಅಂದೆ. ಅಲ್ಲಿಗೆ ಕೆಲಸ ಕೆಟ್ಟಿತು. ಗೋಡೆಗೆ ನೀರು ಹೊಡೆಯುತ್ತಿದ್ದ ನಮ್ಮಾಕೆ ಪೈಪು ಎಸೆದು ಬಂದಳು. ಆಕೆ ಬ್ಯಾಡಗಿಯವಳು, ಕೇಕಿನೊಳಗಿನ ಮೊಟ್ಟೆಯನ್ನೂ ಮೂಸಿಯೇ ಹಿಡಿಯುವವಳು.

“ಬಾಗಲಾ ಮ್ಯಾಲ ತತ್ತಿ ಸಾಲ ಹಚ್ಚಿ ಸ್ವಾಮ್ಗೋಳನ್ನ ಹೆಂಗ ಒಳಗ ಕರೀತೀರಿ?”

“ಸಿಮೆಂಟಿಂದ ಐತಿ, ಯಾರ್ ತಿಂತಾರ ಅದನ್ನ?”

“ತಿನ್ಲಿ ಬಿಡ್ಲಿ, ತತ್ತಿ ತತ್ತೀನ!”

ಹಟ ಬಿಡದೆ ಸಾಲು ಹಚ್ಚಿಸಿ, ನಾನು ರಾಣೆಬೆನ್ನೂರಿಗೆ ಎರಡು ದಿನ ಮದುವೆಗೆ ಹೋಗಿ ಬರುವಷ್ಟರಲ್ಲಿ ಅವರಿಬ್ಬರೂ ಸೇರಿ ದಾರಿ ಕಂಡುಕೊಂಡಿದ್ದರು. ಮೊಟ್ಟೆಗಳ ತುದಿ ಚೂಪು ಮಾಡಿ ಹಳದಿ ಬಳಿದಾಗಿತ್ತು: ಲಿಂಬೆಹಣ್ಣು. ಬಾಣಗಳಿಗೆ ತೊಟ್ಟು ಕೂರಿಸಿ ಕೆಂಪು ಬಳಿದಾಗಿತ್ತು: ಮೆಣಸಿನಕಾಯಿ. “ಅಮಾಸಿಗೊಮ್ಮೆ ಕಟ್ಟೂದು ತಪ್ಪಿತು ನೋಡ್ರಿ ಮಾಸ್ತರ್ರ. ಇನ್ನ ಜನ್ಮಪೂರ್ತಿ ದೃಷ್ಟಿ ತಾಗಂಗಿಲ್ಲ” ಎಂದು ಫಕ್ಕೀರಪ್ಪ ಬೀಗಿದ. ಅಯ್ಯೋ ಪುಣ್ಯಾತ್ಮ, ನಾಲ್ಕು ಜನರ ದೃಷ್ಟಿ ಬೀಳಲಿ ಅಂತಲೇ ಅಲ್ಲವೇ ನಾನು ಮಾಡಿಸಿದ್ದು!

ವಾಸ್ತುಶಾಂತಿಗೆ ಬಂದವರೆಲ್ಲ ನೇರ ಪಂಕ್ತಿಗೆ ನಡೆದರು. ನಿಂತು ಮೇಲೆ ನೋಡಿದವರು ಒಬ್ಬರೇ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತ ತಲೆ ಬೆಳ್ಳಗಾದ ನನ್ನ ಮಾವ. “ಅಳಿಯಾರ, ಇದೇನ್ರಿ ಇದು?” ಎಂದರು. ಕೊನೆಗೂ ಒಬ್ಬರು ಕೇಳಿದರಲ್ಲ! ಗಂಟಲು ಸರಿಮಾಡಿಕೊಂಡು ಗ್ರೀಸಿನಿಂದ ಶುರುಮಾಡಿದೆ. ಅವರು ಕೈಯೆತ್ತಿ ತಡೆದರು.

“ಅದಿರ್ಲಿ. ಸುಕ್ಕ ಎಲ್ಲಿ ಅದಾವು? ಸುಕ್ಕಿಲ್ಲದ್ದು ಯಾವ ಬ್ಯಾಡಗಿ ಮೆಣಸಿನಕಾಯಿ? ನಾಕ ಮಂದಿ ನೋಡಿದ್ರ ನನ್ನ ಮಾನ ಏನಾಗಬೇಕು?”

ಫಕ್ಕೀರಪ್ಪ ಈಗ ಫೋನ್ ಎತ್ತುತ್ತಿಲ್ಲ. ದಿನಾ ಬೆಳಿಗ್ಗೆ ನಾನೇ ಮೊಳೆ ಹಿಡಿದು ಏಣಿ ಹತ್ತಿ ಸುಕ್ಕು ಗೀರುತ್ತೇನೆ. ನಲವತ್ತೊಂದು ಕಾಯಿಗಳಲ್ಲಿ ಹದಿನಾರು ಮುಗಿದಿವೆ. ಹಾದುಹೋಗುವವರೆಲ್ಲ ನಿಂತು, ಕತ್ತೆತ್ತಿ, “ಇದೇನ್ರಿ ಮಾಸ್ತರ್ರ?” ಎಂದು ಕೇಳುತ್ತಾರೆ.

“ಮೆಣಸಿನಕಾಯಿ” ಎನ್ನುತ್ತೇನೆ.