ಸಿಸ್ಟಮ್ ಬಂದೈತಿ

"ಎಷ್ಟು ಹೊತ್ತು ಬಂದ್ ಇರುತ್ತೆ?" ಈ ಒಂದು ಪ್ರಶ್ನೆಗೆ ತಪ್ಪು ಉತ್ತರ ಹೇಳಿಕೊಂಡೇ ನಾನು ಇಪ್ಪತ್ತೆರಡು ವರ್ಷ ಅನ್ನ ಉಂಡಿದ್ದೇನೆ. ಮುಂಬಯಿಯ ಪವಾಯಿಯಲ್ಲಿ ಒಂದು ಔಷಧಿ ಕಂಪನಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುವವಳು ನಾನು. ಯಾವ ಮಾತ್ರೆ ಯಾವ ಗೋದಾಮಿನಲ್ಲಿದೆ, ಯಾವ ಊರಿಗೆ ಹೊರಟಿದೆ ಎಂಬುದೆಲ್ಲ ಅದರ ಹೊಟ್ಟೆಯಲ್ಲಿರುತ್ತದೆ. ಎರಡು ವರ್ಷದ ಹಿಂದೆ ಅದನ್ನು ಹಳೆಯ ಯಂತ್ರಗಳಿಂದ ಹೊಸ ಯಂತ್ರಗಳಿಗೆ ಸಾಗಿಸುವುದೆಂದು ತೀರ್ಮಾನವಾಯಿತು. ಸಾಗಿಸುವಷ್ಟು ಹೊತ್ತು ಎಲ್ಲರ ಕೆಲಸ ಬಂದ್. ಅದಕ್ಕಾಗಿ ಭಾನುವಾರಗಳಂದು ತಾಲೀಮು. ಮದುವೆಯಾಗದ, ಚೆಂಬೂರಿನಲ್ಲಿ ಒಬ್ಬಳೇ ಇರುವ ಐವತ್ತೊಂದರ ಹೆಂಗಸಿಗೆ ಭಾನುವಾರ ಬೇರೇನು ಕೆಲಸ ಎಂದು ಎಲ್ಲರೂ ಅಂದುಕೊಂಡರು. ಬೇಜಾರಿನ ಸಂಗತಿ ಎಂದರೆ, ಸರಿಯಾಗಿಯೇ ಅಂದುಕೊಂಡಿದ್ದರು. ಇಂಥ ಕೆಲಸಕ್ಕೆ ಇಂಥವಳು ಸಿಕ್ಕರೆ ಇಂಥವೆಲ್ಲ ನಡೆಯದೆ ಇನ್ನೇನಾಗುತ್ತದೆ?

೧. ಪರಿಣತರ ಅಂದಾಜು

ಮೊದಲ ತಾಲೀಮಿಗೆ ಆರು ಗಂಟೆ ಬೇಕೆಂದು ನಾನು ಬರೆದುಕೊಟ್ಟೆ. ನಮ್ಮ ಮ್ಯಾನೇಜರ್ ಹುಷಾರಿ ಮನುಷ್ಯ. ಇರಲಿ ಎಂದು ಎರಡು ಸೇರಿಸಿ ಎಂಟು ಮಾಡಿ ಮೇಲಕ್ಕೆ ಕಳಿಸಿದರು. ಇವರು ಯಾವಾಗಲೂ ಎರಡು ಸೇರಿಸುತ್ತಾರೆಂದು ಮೇಲಿನವರಿಗೆ ಗೊತ್ತು. ನಾನೂ ಎರಡು ಸೇರಿಸಿರುತ್ತೇನೆಂದು ಅವರ ಗುಮಾನಿ. ನಾಲ್ಕು ಕಳೆದು ನಾಲ್ಕು ಉಳಿಸಿದರು. ಮಾರಾಟ ವಿಭಾಗದವರು ದಾದರ್ ಮಾರ್ಕೆಟ್ಟಿನಲ್ಲಿ ನಿಂತ ಹಾಗೆ ಚೌಕಾಸಿ ಮಾಡಿ ಮೂರಕ್ಕೆ ಇಳಿಸಿದರು.

ಶುಕ್ರವಾರ ಎಲ್ಲ ನೌಕರರಿಗೂ ಬಂದ ಇಮೇಲ್ ನನಗೂ ಬಂತು. "ಭಾನುವಾರ ಮೂರು ಗಂಟೆ ಕಾಲ ಸಿಸ್ಟಮ್ ಬಂದ್. ಇದು ಪರಿಣತರ ಅಂದಾಜು. ಸಂದೇಹವಿದ್ದರೆ ಈ ನಂಬರಿಗೆ ಕರೆ ಮಾಡಿ." ನಂಬರು ನನ್ನದು.

ಮೊದಲ ಕರೆ ನಮ್ಮ ಮ್ಯಾನೇಜರರದ್ದೇ. ಇಮೇಲಿನ ನಂಬರು ಯಾರದೆಂದು ನೋಡದೆ ಒತ್ತಿ, ಹಿಂದಿಯಲ್ಲಿ ಶುರುಮಾಡಿದರು. "ಹಲೋ, ಮೂರು ಗಂಟೆ ಅಂತ ಹೇಳಿದ ಆ ಮೂರ್ಖ ಯಾರ್ರೀ? ನಮ್ಮ ಡೇಟಾಬೇಸ್ ಮ್ಯಾಡಮ್‌ಗೆ ಇದು ಗೊತ್ತಾದರೆ ನನ್ನನ್ನ ಸುಮ್ಮನೆ ಬಿಡ್ತಾರಾ?"

೨. ಮೂಲ ಕಾರಣ

ನಮ್ಮಲ್ಲಿ ಒಂದು ಹಳೆಯ ಪದ್ಧತಿ. ಸಿಸ್ಟಮ್ ಮತ್ತೆ ಶುರುವಾಯಿತೆಂದು ನಾವು ಅಂದುಕೊಂಡರೆ ಸಾಲದು. ಭಿವಂಡಿಯ ಗೋದಾಮಿನಲ್ಲಿ ಒಬ್ಬರು ತಮ್ಮ ಕಂಪ್ಯೂಟರಿನಲ್ಲಿ ಯಾವುದಾದರೂ ಡಬ್ಬಿ ಹುಡುಕಿ, ಸಿಕ್ಕಿತೆಂದು ಫೋನಿನಲ್ಲಿ ಹೇಳಬೇಕು. ಆ ಒಬ್ಬರು ಗೋದಾಮಿನ ಸೂಪರ್‌ವೈಸರ್. ನಾನು ಒಮ್ಮೆಯೂ ನೋಡದ ಮನುಷ್ಯ. ಮೊದಲ ತಾಲೀಮಿನ ಬೆಳಿಗ್ಗೆ ಹಿಂದಿಯಲ್ಲಿ ಮಾತಾಡುತ್ತಿದ್ದಾಗ ನನ್ನ ಚಹಾ ಚೆಲ್ಲಿ "ಅಯ್ಯ ಶಿವನ" ಎಂದುಬಿಟ್ಟೆ. ಆ ಕಡೆಯಿಂದ ಬಂತು, "ಬಾಯಾರ, ನೀವು ನಮ್ ಕಡಿಯವ್ರ ಅದೀರೇನ್ರಿ?"

ಅವರದು ಸಿಂದಗಿ ಕಡೆ, ನನ್ನದು ಜಮಖಂಡಿ. ಅವರು ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ ಮಾತಾಡಿ ಬೆಳೆದವರು. ಅಂದಿನಿಂದ ಅವರು ನನಗೆ ಚಾಚಾ.

ಆ ಭಾನುವಾರ ಮಧ್ಯಾಹ್ನ ನಾನು ಕೇಳಿದೆ, "ಚಾಚಾ, ಸಿಸ್ಟಮ್ ಏನಾತ್ರಿ?"

"ಬಂದೈತ್ರಿ."

ನಾನು ಕುಣಿದಾಡಿಕೊಂಡು ಇಡೀ ಕಂಪನಿಗೆ ಸಿಸ್ಟಮ್ ಶುರುವಾಯಿತೆಂದು ಸಾರಿದೆ. ಊರೂರಿನಿಂದ ಜನ ಒಳಗೆ ನುಗ್ಗಿದರು. ಅರ್ಧಂಬರ್ಧ ಎದ್ದಿದ್ದ ಸಿಸ್ಟಮ್ ಅವರೆಲ್ಲರ ಭಾರಕ್ಕೆ ಪೂರ್ತಿ ಕುಸಿಯಿತು. ನಮ್ಮ ಕಡೆಯ ಮಾತಿನಲ್ಲಿ ಬಂದೈತಿ ಎಂದರೆ ಬಂದಿದೆ. ಬಂದ್ ಐತಿ ಎಂದರೆ ಮುಚ್ಚಿದೆ. ಬಾಯಿಂದ ಹೊರಡುವ ಸದ್ದು ಎರಡಕ್ಕೂ ಒಂದೇ. ಚಾಚಾ ಹೇಳಿದ್ದು ಮುಚ್ಚಿದೆ ಎಂದು.

ಮ್ಯಾನೇಜರ್ ವರದಿ ಬರೆದರು. 'ಹೆಚ್ಚುವರಿ ಐದು ಗಂಟೆಗೆ ಮೂಲ ಕಾರಣ' ಎಂಬ ಕಾಲಮ್ಮಿನಲ್ಲಿ ಒಂದೇ ಪದ: ಕನ್ನಡ.

೩. ಕೂಸು ಮತ್ತು ಕುಲಾವಿ

ಇನ್ನು ಮುಂದೆ ಹಿಂದಿಯಲ್ಲೇ ಮಾತಾಡಬೇಕೆಂದು ಅಪ್ಪಣೆಯಾಯಿತು. ಚಾಚಾ ಒಪ್ಪಲಿಲ್ಲ. "ವಾರಗಟ್ಲೆ ಹಿಂದಿ ಮಾತಾಡಿ ದವಡಿ ನೋಯ್ತಾವ್ರಿ ಬಾಯಾರ. ಐತವಾರ ಒಂದಿನಾರ ನಾಲಿಗಿ ಸಡ್ಲ ಬಿಡಬಾರ್ದೇನು?" ನನ್ನ ನಾಲಿಗೆಯ ಗತಿಯೂ ಅದೇ ಆಗಿತ್ತು. ಇಬ್ಬರೂ ಗುಟ್ಟಾಗಿ ಕರಾರು ಮಾಡಿಕೊಂಡೆವು. ಸಿಸ್ಟಮ್ ಶುರುವಾಗಿದ್ದರೆ 'ಎದ್ದೈತಿ'. ಮುಚ್ಚಿದ್ದರೆ 'ಮಲಗೈತಿ'.

ಮುಂದಿನ ತಾಲೀಮಿನಲ್ಲಿ ನಾನು ಫೋನಿನಲ್ಲಿ ಮೆಲ್ಲಗೆ ಹೇಳುತ್ತಿದ್ದೆ, "ಇನ್ನೂ ಮಲಗೈತೇನ್ರಿ? ಎಬ್ಬಸಬ್ಯಾಡ್ರಿ, ತಾನ ಏಳಲಿ. ಅರ್ಧ ಎಬ್ಬಿಸಿದ್ರ ರಂಪ ಮಾಡ್ತೈತಿ." ಸಿಬ್ಬಂದಿ ವಿಭಾಗದ ಹೆಂಗಸು ಅಂದು ಯಾವುದೋ ಕೆಲಸಕ್ಕೆ ಬಂದು ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದಳು. ಅವಳು ಸೊಲ್ಲಾಪುರದವಳು, ಕನ್ನಡ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ನನ್ನ ಮೇಜಿನ ಮೇಲೆ ಒಂದು ಪೊಟ್ಟಣ ಇಟ್ಟು, ಕೈ ಅದುಮಿ, "ದತ್ತು ತಗೊಂಡಿದ್ದು ಭಾಳ ಚಲೋ ಆತು" ಎಂದು ಹೋದಳು. ಬಿಚ್ಚಿದರೆ ಕೂಸಿನ ಕುಲಾವಿ, ಹಸಿರು ಬಣ್ಣದ್ದು, ತುದಿಗೆ ಗೊಂಡೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ನೋಡಿ ಜನ ನಗುತ್ತಾರೆ. ನನಗಂತೂ ಕೂಸು ಹುಟ್ಟುವ ಪ್ರಶ್ನೆಯೇ ಇಲ್ಲದೆ ಕುಲಾವಿ ಬಂದಿತ್ತು.

ತಕ್ಷಣ ಹೋಗಿ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಅಂದು ಸಂಜೆ ಐದಕ್ಕೆ ಅವಳು "ಹೋಗ್ರಿ, ಮನ್ಯಾಗ ಕಾಯ್ತಿರ್ತೈತಿ" ಎಂದಳು. ಆ ಮಾತು ಕೇಳಲು ಎಷ್ಟು ಹಿತವಾಗಿತ್ತೆಂದರೆ, ಚೀಲ ಹೆಗಲಿಗೆ ಹಾಕಿಕೊಂಡು ನಿಜವಾಗಿಯೂ ಅವಸರವಸರವಾಗಿ ಮನೆಗೆ ಹೋದೆ. ಬೀಗ ತೆಗೆದೆ. ಯಾರೂ ಇರಲಿಲ್ಲ. ನನಗೆ ನಾಚಿಕೆಯಾಯಿತು.

ಮರುದಿನ ತಪ್ಪೊಪ್ಪಿಕೊಂಡೆ. ಮಲಗಿದ್ದ ಕೂಸು ಡೇಟಾಬೇಸ್ ಎಂದೆ. ಅವಳು ನಕ್ಕು ಸಾಕಾಗಿ ಕಣ್ಣೊರೆಸಿಕೊಂಡಳು, ಕುಲಾವಿ ಮಾತ್ರ ವಾಪಸು ತಗೊಳ್ಳಲಿಲ್ಲ. "ಇರಲಿ ಬಿಡ್ರಿ, ಹೊಸ ಸಿಸ್ಟಮ್ ಬರ್ತದಲ್ಲ, ಅದಕ್ಕ ಹಾಕ್ರಿ. ಎಸಿ ರೂಮಿನ್ಯಾಗ ಥಂಡಿ ಇರ್ತದ."

೪. ಐದು ನಿಮಿಷದ ಕೆಲಸ

ಕೊನೆಯ ಸಾಗಾಟಕ್ಕೆ ನಾನು ಮಾಡಿದ ಪಟ್ಟಿಯನ್ನು ಮ್ಯಾನೇಜರ್ ಬೆರಳಿಟ್ಟು ಓದಿದರು. "ಮ್ಯಾಡಮ್, ಗೋದಾಮಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದಕ್ಕೆ ನಲವತ್ತೈದು ನಿಮಿಷವೇ? ಐದು ನಿಮಿಷದ ಕೆಲಸ ಅಲ್ಲವೇ?"

"ಭಿವಂಡಿಯಲ್ಲಿ ನೆಟ್‌ವರ್ಕ್ ನಿಧಾನ ಸರ್" ಎಂದೆ.

ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ನಿಧಾನ ನಾವಿಬ್ಬರು. ಡಬ್ಬಿ ಸಿಕ್ಕಿತೆಂದು ಚಾಚಾ ಹೇಳಿದ ಮೇಲೆ ಜೋಳದ ಹಿಟ್ಟು ಮುಂಬಯಿಯಲ್ಲಿ ಯಾಕೆ ಜಿಗಿ ಹಿಡಿಯುವುದಿಲ್ಲ, ಚಾಚಿಯ ಶೇಂಗಾ ಚಟ್ನಿಗೆ ಎಷ್ಟು ಬಳ್ಳೊಳ್ಳಿ ಬೀಳುತ್ತದೆ, ಇವೆಲ್ಲ ಬಗೆಹರಿಯಬೇಕಿತ್ತು. ವಾರದಲ್ಲಿ ನಾನು ಬಾಯ್ತುಂಬ ಕನ್ನಡ ಆಡುತ್ತಿದ್ದದ್ದು ಆ ನಲವತ್ತೈದು ನಿಮಿಷ ಮಾತ್ರ. ಹೊಸ ಸಿಸ್ಟಮ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಅದು ಬಂದರೆ ಈ ಫೋನಿಗೆ ಕೆಲಸವಿಲ್ಲ ಎಂಬುದು ಪಟ್ಟಿ ಬರೆದ ನನಗೇ ಎಲ್ಲರಿಗಿಂತ ಮೊದಲು ಗೊತ್ತಿತ್ತು.

ಒಟ್ಟು ಏಳು ಗಂಟೆ ಬೇಕೆಂದಿದ್ದೆ. ಸರಿಯಾಗಿ ಏಳು ಗಂಟೆಯಲ್ಲಿ ಮುಗಿಯಿತು. ಹುಟ್ಟಿದಾಗಿನಿಂದ ನನ್ನ ಒಂದು ಅಂದಾಜು ಸರಿಯಾದದ್ದು ಅಂದೇ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಫೋನ್ ಕಿವಿಗಿಟ್ಟುಕೊಂಡೇ ಇದ್ದೆ.

"ಎದ್ದೈತ್ರಿ ಬಾಯಾರ" ಎಂದರು ಚಾಚಾ. ಹಿಂದೆಯೇ, "ಹಂಗಾರ ಇನ್ನ ಮುಂದ ಫೋನ್ ಇಲ್ಲೇನ್ರಿ?"

"ಇಲ್ರಿ ಚಾಚಾ. ಇನ್ನ ಎಲ್ಲಾ ಯಂತ್ರನ ನೋಡ್ಕೊಂತೈತಿ."

"ಹೌದ? ಯಂತ್ರಕ್ಕ ಬಳ್ಳೊಳ್ಳಿ ಲೆಕ್ಕ ಗೊತ್ತೈತೇನ್ರಿ?"

೫. ಹನ್ನೊಂದನೆಯ ಮಹಡಿ

ಮೂರು ಭಾನುವಾರ ಫೋನಿಲ್ಲ. ಗೋಡೆ ನೋಡಿಕೊಂಡು ಕೂತೆ. ಮೂರನೆಯದರ ಸಂಜೆ ಮಾನ ಮರ್ಯಾದೆ ಪಕ್ಕಕ್ಕಿಟ್ಟು ನಾನೇ ಫೋನ್ ಮಾಡಿ, "ಚಾಚಾ, ಮುಂದಿನ ಐತವಾರ ಚಾಚೀನ್ನ ಕರ್ಕೊಂಡು ಊಟಕ್ಕ ಬರ್ರಿ" ಎಂದೆ.

ಅವರ ಮನೆಯಿರುವ ಮುಂಬ್ರಾದಿಂದ ಕುರ್ಲಾ, ಅಲ್ಲಿ ಲೋಕಲ್ ಬದಲಿಸಿ ಚೆಂಬೂರು, ಸ್ಟೇಷನ್ನಿನಿಂದ ರಿಕ್ಷಾ. ಹನ್ನೆರಡಕ್ಕೆ ಬರುತ್ತಾರೆಂದು ಅಂದಾಜು ಹಾಕಿದೆ. ಬದನೆಕಾಯಿ ಎಣ್ಣೆಗಾಯಿ ಮಾಡಿದೆ. ಮನೆಯಲ್ಲಿ ಒಂದೇ ತಟ್ಟೆ ಇತ್ತೆಂದು ಆವತ್ತೇ ಗಮನಿಸಿದ್ದು. ಕೆಳಗಿಳಿದು ಅಂಗಡಿಯಿಂದ ಇನ್ನೆರಡು ತಂದೆ.

ಹನ್ನೆರಡಕ್ಕೆ ಸರಿಯಾಗಿ ಫೋನ್ ಬಂತು. "ಬಾಯಾರ, ನಿಮ್ ಬಿಲ್ಡಿಂಗಿನ್ಯಾಗ ಅದೀವ್ರಿ. ಲಿಫ್ಟ್ ಬಂದೈತ್ರಿ." ಫೋನ್ ಇಟ್ಟರು.

ಹನ್ನೊಂದನೆಯ ಮಹಡಿಗೆ ಎರಡು ನಿಮಿಷ ಸಾಕು. ಬಾಗಿಲು ತೆರೆದಿಟ್ಟು, ಸೆರಗು ಸರಿಮಾಡಿಕೊಂಡು ಲಿಫ್ಟಿನ ಮುಂದೆ ನಿಂತೆ. ಎರಡು ನಿಮಿಷವಾಯಿತು. ಹತ್ತಾಯಿತು. ಫೋನ್ ಮಾಡಿದರೆ ಎತ್ತಲಿಲ್ಲ. ಹದಿನೈದಾಯಿತು. ಲಿಫ್ಟ್ ಹತ್ತುವ ಹೊತ್ತಿಗೆ ಮನಸ್ಸು ಬದಲಾಯಿತೇನೋ, ಪರಿಚಯವಿಲ್ಲದ ಹೆಂಗಸಿನ ಮನೆಗೆ ಯಾಕೆ ಎಂದು ಚಾಚಿ ಅಂದರೇನೋ. ನಮ್ಮ ಕೆಲಸದಲ್ಲಿ ಇಷ್ಟು ಹೊತ್ತಿನೊಳಗೆ ಆಗದಿದ್ದರೆ ಹಳೆಯದಕ್ಕೇ ಹಿಂತಿರುಗುವುದು ಎಂಬ ಒಂದು ಗಡುವಿರುತ್ತದೆ. ಇನ್ನೈದು ನಿಮಿಷ ಕೊಟ್ಟೆ. ಆಮೇಲೆ ಒಳಗೆ ಹೋಗಿ ಹೊಸ ತಟ್ಟೆಗಳನ್ನು ಎತ್ತಿಡುವುದೆಂದು ನಿಶ್ಚಯಿಸಿದೆ.

ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ "ಯಾ ಅಲ್ಲಾ" ಎಂದು ಏದುಸಿರು ಕೇಳಿಸಿತು. ಬಿಳಿ ಗಡ್ಡದ, ನಾನು ಊಹಿಸಿದ್ದಕ್ಕಿಂತ ಬಹಳ ಗಿಡ್ಡ ಮನುಷ್ಯ ಗೋಡೆ ಹಿಡಿದು ಬಂದರು. ಹಿಂದೆ ರೊಟ್ಟಿ ಡಬ್ಬಿ ಬಗಲಲ್ಲಿ ಅವುಚಿಕೊಂಡ ಚಾಚಿ.

"ಲಿಫ್ಟ್ ಬಂತು ಅಂತ ಇಪ್ಪತ್ತು ನಿಮಿಷದಿಂದ ಇಲ್ಲೇ ನಿಂತೀನಲ್ರಿ!" ಎಂದೆ.

"ಬಂದೈತಿ ಅಂತ ಹೇಳಿದ್ನಲ್ರಿ!"

"ಮಲಗೈತಿ ಅನ್ನಬೇಕಿತ್ತಲ್ರೀ ಚಾಚಾ!"

"ಆ ಕರಾರು ಸಿಸ್ಟಮ್‌ಗೆ ಇತ್ತು. ಲಿಫ್ಟಿಗೂ ಐತಿ ಅಂತ ನೀವು ಯಾವಾಗ ಹೇಳಿದ್ರಿ?"

ಚಾಚಿ ಕೊನೆಯ ಮೆಟ್ಟಿಲ ಮೇಲೆ ಕುಸಿದು ಕುಳಿತು ನಮ್ಮಿಬ್ಬರನ್ನೂ ನೋಡಿ ಕೇಳಿದರು, "ಎರಡು ವರ್ಷ ಕಂಪನ್ಯಾಗ ನೀವಿಬ್ರೂ ಕೂಡಿ ಮಾಡಿದ್ದು ಇದ ಕೆಲಸೇನ್ರಿ?"

ಊಟವಾಯಿತು. ಬಳ್ಳೊಳ್ಳಿಯ ಲೆಕ್ಕ ಬಗೆಹರಿಯಿತು. ಲಿಫ್ಟ್ ಎರಡು ಗಂಟೆಯಲ್ಲಿ ಸರಿಹೋಗುತ್ತದೆಂದು ಕೆಳಗೆ ಸೊಸೈಟಿ ಸೆಕ್ರೆಟರಿ ಚಾಚಾರಿಗೆ ಹೇಳಿದ್ದರಂತೆ. ಅವರದು ನನ್ನದರಂಥ ಅಂದಾಜಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ಬಾಗಿಲ ಹೊರಗೆ ಲಿಫ್ಟ್ ಬಂದು ನಿಂತ ಸದ್ದು ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು. ಒಳಕೋಣೆಯಲ್ಲಿದ್ದ ಚಾಚಾ ಹೊರಡಲೆಂದು ಎದ್ದು ಟೋಪಿ ಸರಿಮಾಡಿಕೊಳ್ಳುತ್ತ ಕೂಗಿದರು, "ಬಾಯಾರ, ಲಿಫ್ಟ್ ಏನಾತ್ರಿ?"

ನಾನು ಸುಳ್ಳು ಹೇಳುವವಳಲ್ಲ. ಇದ್ದದ್ದನ್ನೇ ಹೇಳಿದೆ.

"ಬಂದೈತ್ರಿ ಚಾಚಾ."

"ಹೌದ? ಹಂಗಾರ ಇನ್ನೊಂದ್ ಚಾ ಇಡ್ರಿ" ಎಂದು ಚಾಚಾ ಟೋಪಿ ತೆಗೆದಿಟ್ಟು ಮತ್ತೆ ಕುಳಿತರು.