ವಾಘ್ಯಾನ ದೀಡ ನಮಸ್ಕಾರ

ನಾಯಿಯ ನಿಯತ್ತನ್ನು ಹೊಗಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರೆಲ್ಲ ನಾಯಿಯನ್ನು ಮುಂದಿನಿಂದ ಮಾತ್ರ ನೋಡಿದವರು. ಕಣ್ಣಿನ ಪ್ರೀತಿ, ನಾಲಿಗೆಯ ಸಲಿಗೆ, ಬಾಗಿಲಲ್ಲಿ ಕಾಯುವ ಪರಿ, ಇಷ್ಟರ ಮೇಲೆಯೇ ಗಂಟೆಗಟ್ಟಲೆ ಕೊರೆಯುತ್ತಾರೆ. ಬಾಲ ಎತ್ತಿ ನೋಡಿದವನು ಒಬ್ಬನೂ ಇಲ್ಲ. ನಾನು ನೋಡಿದ್ದೇನೆ. ಓದುವವರು ಊಟ ಮುಗಿಸಿಕೊಂಡು ಓದುವುದು ಒಳ್ಳೆಯದು.

ನಾನು ಮರಾಠಿ ಸೀಮೆಯ ನಿಲಂಗಾದಲ್ಲಿ ಶಾಲಾ ಮಾಸ್ತರ. ನಮ್ಮದು ಕುರುಬರ ದೇವರು ಬೀರಪ್ಪನ ಒಕ್ಕಲು. ತಮ್ಮ ಇನ್ನೂ ಕುರಿ ಕಾಯುತ್ತಾನೆ. ವಾಘ್ಯಾ ಎಂಬ ನಾಯಿಯನ್ನು ಹಿಂಡಿನಿಂದ ತಂದು ನನ್ನ ತಲೆಗೆ ಕಟ್ಟಿದವನೂ ಅವನೇ. ಒಂದು ಭಾನುವಾರ ಅವ್ವ ಕಂಬಳಿ ಹಾಸಿ, ದೇವರಿಗೆ ಅರಿಶಿನದ ಭಂಡಾರ ಏರಿಸುತ್ತಿದ್ದಳು. ವಾಘ್ಯಾ ಹೊಸ್ತಿಲಲ್ಲೇ ಕುಂಡಿ ಊರಿ, ಹಿಂಗಾಲು ಮುಂದೆ ಚಾಚಿ, ಮುಂಗಾಲಿನಿಂದ ಮೈ ಎಳೆದುಕೊಳ್ಳುತ್ತ ನೆಟ್ಟಗೆ ದೇವರ ತನಕ ಬಂತು. ಬೇರೆ ಮನೆಯಲ್ಲಾದರೆ ಕಟ್ಟಿಗೆ ಎತ್ತುತ್ತಿದ್ದರು. ಹರಕೆ ಹೊತ್ತವರು ನೆಲಕ್ಕೆ ಮೈ ಚಾಚುತ್ತ ಗುಡಿಯ ತನಕ ಹೋಗುವುದನ್ನು ಕಂಡಿದ್ದ ನಮ್ಮವ್ವ ಕೈ ಮುಗಿದಳು.

“ದೀಡ ನಮಸ್ಕಾರ ಹಾಕ್ಲತದ ನೋಡೋ. ಕುರಿ ಕಾಯೋ ನಾಯಿ, ದೇವರ ಗುರ್ತು ಹತ್ಯಾದ ಅದಕ್ಕ.”

ಅಂದಿನಿಂದ ಪೂಜೆ ಮುಗಿದ ಮೇಲೆ ಒಂದು ಚಿಟಿಕೆ ಭಂಡಾರ ವಾಘ್ಯಾನ ಬಾಲದ ಬುಡಕ್ಕೂ ಬೀಳತೊಡಗಿತು. ಪಕ್ಕದ ಮನೆಯ ಮರಾಠಿ ಹೆಂಗಸು, ಓಣಿಗೆಲ್ಲ ಕಾಕು, ಬಂದು ನಾಯಿ ಯಾವ ಹರಕೆ ಹೊತ್ತಿದೆ ಎಂದು ಮರಾಠಿಯಲ್ಲಿ ನನ್ನನ್ನೇ ವಿಚಾರಿಸಿದಳು. ನನಗೆ ತಲೆ ಕೆಟ್ಟಿತು. ಹರಕೆಯಲ್ಲ, ಜಂತು ಎಂದು ಕೂಗಾಡಿ ಗುಳಿಗೆ ತಂದು ನುಂಗಿಸಿದೆ. ಏನೂ ಆಗಲಿಲ್ಲ. ಬದಲಿಗೆ ಕೊಳೆತ ಮೀನಿನಂಥ ನಾತ ಮನೆ ತುಂಬಿತು. ಅವ್ವ ಲೋಬಾನದ ಹೊಗೆ ಹೆಚ್ಚಿಸಿದಳು. ಆಮೇಲೆ ವಾಘ್ಯಾ ರೊಟ್ಟಿ ಮುಟ್ಟಲಿಲ್ಲ, ಕೂರಲಾರದೆ ನಿಂತೇ ಇತ್ತು. ಬಾಲದ ಬುಡ ಬಾತು ರಕ್ತ ಒಸರಿತು. ಅವ್ವನಾದರೋ, ದೇವರು ಕರೆಯುತ್ತಿದ್ದಾನೆ, ಬರುವ ಭಾನುವಾರ ಕಾಸಾರಶಿರಸಿಯ ಕಡೆಯ ಬೀರಪ್ಪನ ಗುಡಿಯಲ್ಲಿ ಬಿಟ್ಟು ಬರೋಣ ಎಂದಳು. ನರಳುವ ಪ್ರಾಣಿಗೆ ಅರಿಶಿನ ಎರಚಿ ಗುಡಿಗೆ ಬಿಡುವ ಈ ಮನೆಯಲ್ಲಿ ನಾನು ಯಾಕಾದರೂ ಹುಟ್ಟಿದೆನೋ!

ಮರುದಿನವೇ ಜೀಪು ಮಾಡಿಕೊಂಡು ಉದಗೀರಿನ ದನದ ಡಾಕ್ಟರರ ಬಳಿಗೆ ಒಯ್ದೆ. ದಾರಿಯುದ್ದಕ್ಕೂ ಜೀಪಿನವನು ಕಿಟಕಿಯಿಂದ ತಲೆ ಹೊರಗೆ ಹಾಕಿಯೇ ಓಡಿಸಿದ. ಡಾಕ್ಟರರು ಬಾಲ ಎತ್ತಿದರು. ಗುದದ ಎರಡೂ ಬದಿಗೆ ಸಣ್ಣ ಚೀಲಗಳಿರುತ್ತವೆ, ಬಾಯಿ ಕಟ್ಟಿದರೆ ಒಳಗೆ ಕೀವಾಗುತ್ತದೆ, ಒಂದು ಆಗಲೇ ಒಡೆದಿದೆ ಎಂದರು. ಅದನ್ನು ತೊಳೆದು ಔಷಧ ಕೊಟ್ಟರು. ಇನ್ನೊಂದು ಆಗಾಗ ತುಂಬುತ್ತದಂತೆ. ತುಂಬಿದಾಗ ಮನೆಯಲ್ಲೇ ಒತ್ತಿ ತೆಗೆಯಬೇಕಂತೆ. ನನಗೇ ಕೈಗವಸು ತೊಡಿಸಿ ಕಲಿಸಿದರು. ಮೊದಲ ಪಾಠ ನೇರ ನನ್ನ ಅಂಗಿಯ ಮೇಲೆ ಬಿತ್ತು.

ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ಗಟ್ಟಿ ದನಿಯಲ್ಲಿ, ಓಣಿಗೆಲ್ಲ ಕೇಳುವಂತೆ ವಿವರಿಸಿದೆ. ಅವಳು ವಾಘ್ಯಾನ ಪಕ್ಕ ಕೂತು ಅದರ ತಲೆ ಸವರಿದಳು.

“ಹಂಗಾದ್ರ ಅದಕ್ಕ ಅಷ್ಟು ದಿನ ನೋವಾಗಿತ್ತೇನೋ?” ಎಂದಳು. ಕಣ್ಣಲ್ಲಿ ನೀರಿತ್ತು.

ಜಗಳಕ್ಕೆ ಎಂದು ಕೂಡಿಟ್ಟುಕೊಂಡು ಬಂದ ಮಾತೆಲ್ಲ ದಂಡವಾಯಿತು. ಅದಕ್ಕೂ ನನಗೆ ಸಿಟ್ಟು ಬಂತು.

ವಾಘ್ಯಾ ಗುಣವಾಯಿತು, ಗುಡಿಯ ಮಾತು ನಿಂತಿತು. ಈಗ ಅದು ಅವ್ವನ ಕೈಯಿಂದ ರೊಟ್ಟಿ ತಿನ್ನುತ್ತದೆ, ಕಾಕುವಿಗೆ ಬಾಲ ಆಡಿಸುತ್ತದೆ. ಜೀವ ಉಳಿಸಿದ ನನ್ನನ್ನು ಕಂಡರೆ ಮಾತ್ರ ಮಂಚದ ಕೆಳಗೆ ನುಗ್ಗಿ ಗುರ್ರೆನ್ನುತ್ತದೆ. ನಿನ್ನೆ ನಾನು ಕೈಗವಸು ತೊಟ್ಟು, ನಿಯತ್ತಿಲ್ಲದ ನಾಯಿ, ನನ್ನ ಸಿಟ್ಟು ನಿನಗೆ ಗೊತ್ತಿಲ್ಲ ಎಂದು ಗದರಿಸುತ್ತಿದ್ದೆ. ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು:

“ಅದು ನಿಮ್ಮ ಸಿಟ್ಟಿಗಿ ಅಂಜಿಲ್ಲರಿ, ನಿಮ್ಮ ಕೈಗಿ ಅಂಜ್ಯಾದ. ಸಿಟ್ಟಿಗಿ ಈ ಮನ್ಯಾಗ ಯಾರ್ ಅಂಜತಾರ?”

ಇದಕ್ಕೆ ಸರಿಯಾಗಿ ಬೈಯಬೇಕೆಂದು ಬಾಯಿ ತೆರೆದೆ. ಅವ್ವ ಅಕ್ಕಿ ಆರಿಸುತ್ತಲೇ ಇದ್ದಳು, ಹೆಂಡತಿ ರೊಟ್ಟಿ ಬಡಿಯುತ್ತಲೇ ಇದ್ದಳು. ಮಂಚದ ಕೆಳಗಿನಿಂದ ವಾಘ್ಯಾ ಒಂದೇ ನನ್ನನ್ನು ಗಮನವಿಟ್ಟು ನೋಡುತ್ತಿತ್ತು. ಅದೂ ಮುಖವನ್ನಲ್ಲ, ಕೈಯನ್ನು.